ರಣಹದ್ದು ಹೋದ ಮೇಲೆ ಸಾವಿನ ಲೆಕ್ಕ

ಸತ್ತ ದನವನ್ನು ಊರಾಚೆಯ ಬಯಲಿಗೆ ಎಳೆದು ಹಾಕಿದ ಮೇಲೆ ಅದರ ಗತಿ ಏನಾಯಿತೆಂದು ಮೂರೂವರೆ ದಶಕದ ಹಿಂದೆ ಉತ್ತರ ಭಾರತದ ಯಾವ ರೈತನೂ ತಿರುಗಿ ನೋಡುತ್ತಿರಲಿಲ್ಲ. ಚರ್ಮ ಸುಲಿಯುವವರು ತಮ್ಮ ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಮುಗಿಲಲ್ಲಿ ಒಂದು ಚುಕ್ಕಿ ಸುತ್ತುತ್ತಿರುತ್ತಿತ್ತು. ಅದು ಕೆಳಗಿಳಿಯುವುದನ್ನು ದೂರದಲ್ಲಿ ತೇಲುತ್ತಿದ್ದ ಇನ್ನೊಂದು ಹದ್ದು ಕಾಣುತ್ತಿತ್ತು, ಅದನ್ನು ಮತ್ತೊಂದು. ಸ್ವಲ್ಪ ಹೊತ್ತಿನಲ್ಲೇ ಬಯಲಿನ ತುಂಬ ರೆಕ್ಕೆ ಬಡಿತ, ಜಗಳ, ಕಿರುಚಾಟ. ದೊಡ್ಡ ಹಿಂಡು ಕೂತರೆ ಒಂದು ಹಸುವಿನ ಹೆಣ ಮುಗಿಯಲು 40 ನಿಮಿಷ ಸಾಕಾಗುತ್ತಿತ್ತು. ಆಮೇಲೆ ಅಲ್ಲಿ ಉಳಿಯುತ್ತಿದ್ದುದು ನೆಕ್ಕಿ ತೊಳೆದಂಥ ಎಲುಬು. ಅದನ್ನೂ ಆಯ್ದು ಗೊಬ್ಬರದ ಕಾರ್ಖಾನೆಗೆ ಮಾರಿ ಬದುಕುವವರಿದ್ದರು.

ಈ ಹಕ್ಕಿಗಳು ಮಾಯವಾದದ್ದರಿಂದ ಮನುಷ್ಯರು ಸತ್ತರೇ, ಸತ್ತಿದ್ದರೆ ಎಷ್ಟು ಮಂದಿ? ಷಿಕಾಗೋ ವಿಶ್ವವಿದ್ಯಾಲಯದ ಏಯಾಲ್ ಫ್ರಾಂಕ್ ಮತ್ತು ಬ್ರಿಟನ್ನಿನ ವಾರ್‌ವಿಕ್ ವಿಶ್ವವಿದ್ಯಾಲಯದ ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಎತ್ತಿಕೊಂಡ ಪ್ರಶ್ನೆ ಇದು. 2024ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಅವರ ಉತ್ತರ ಅಚ್ಚಾಯಿತು. 2000ದಿಂದ 2005ರವರೆಗೆ ಭಾರತದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷದಂತೆ, ಒಟ್ಟು ಐದು ಲಕ್ಷದಷ್ಟು ಹೆಚ್ಚುವರಿ ಸಾವುಗಳಿಗೆ ರಣಹದ್ದುಗಳ ಕಣ್ಮರೆ ಕಾರಣ ಎಂಬುದು ಅವರ ಅಂದಾಜು.

ಐದು ಲಕ್ಷ ಜನ. ಒಂದು ಹಕ್ಕಿ ಇಲ್ಲದ್ದಕ್ಕೆ.

ಈ ಮಾತು ಅತಿಶಯವೆನಿಸದಿರಬೇಕಾದರೆ ಮೊದಲು ಆ ಹಕ್ಕಿಯ ಹೊಟ್ಟೆಯನ್ನು ಅರಿತುಕೊಳ್ಳಬೇಕು. ರಣಹದ್ದಿನ ಜಠರದ ಆಮ್ಲ ಪ್ರಾಣಿಲೋಕದಲ್ಲೇ ಅತಿ ತೀಕ್ಷ್ಣವಾದವುಗಳಲ್ಲಿ ಒಂದು. ಕೊಳೆತ ಮಾಂಸದಲ್ಲಿ ಹುಟ್ಟುವ ಬೊಟ್ಯುಲಿನಂ ವಿಷ ಮನುಷ್ಯನ ಪ್ರಾಣ ತೆಗೆಯುತ್ತದೆ, ಹದ್ದು ಅದನ್ನು ಅರಗಿಸಿಕೊಳ್ಳುತ್ತದೆ. ಆಂಥ್ರಾಕ್ಸ್ ತಗಲಿ ಸತ್ತ ದನವನ್ನು ತಿಂದೂ ಅದು ಆರಾಮವಾಗಿ ಹಾರಿಹೋಗುತ್ತದೆ. 2014ರಲ್ಲಿ ಅಮೆರಿಕದ ಎರಡು ಜಾತಿಯ ರಣಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅವುಗಳ ಮುಖದ ಚರ್ಮದ ಮೇಲೆ 528 ಬಗೆಯ ಬ್ಯಾಕ್ಟೀರಿಯಾ ಸಿಕ್ಕವು, ಕರುಳಿನಲ್ಲಿ ಸಿಕ್ಕಿದ್ದು 76 ಬಗೆ ಮಾತ್ರ. ಹೆಣದೊಳಗೆ ತಲೆ ತೂರಿಸಿದಾಗ ಮೆತ್ತಿಕೊಂಡ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಜಠರ ದಾಟುವಷ್ಟರಲ್ಲಿ ಸತ್ತಿರುತ್ತವೆ. ಕುತ್ತಿಗೆಯ ಮೇಲೆ ಗರಿಯಿಲ್ಲದೆ ಬೋಳಾಗಿ ಕಾಣುವುದೂ ಈ ಕೆಲಸಕ್ಕೆ ಒಪ್ಪುವಂಥದ್ದೇ. ಗರಿಯಿದ್ದರೆ ರಕ್ತ, ಕೀವು ಅಂಟಿಕೊಂಡು ಕೊಳೆಯುತ್ತಿತ್ತು.

1980ರ ದಶಕದಲ್ಲಿ ಭಾರತದಲ್ಲಿ ಇವುಗಳ ಸಂಖ್ಯೆ ಕೋಟಿಗಳಲ್ಲಿತ್ತು. ಬಿಳಿ ಬೆನ್ನಿನ ರಣಹದ್ದು ಆಗ ಜಗತ್ತಿನ ದೊಡ್ಡ ಬೇಟೆ ಹಕ್ಕಿಗಳ ಸಾಲಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ಹಕ್ಕಿ ಎಂದು ಪಕ್ಷಿತಜ್ಞರು ಹೇಳುತ್ತಿದ್ದರು. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನವೊಂದರಲ್ಲೇ ಆ ದಶಕದ ಕೊನೆಗೆ ಈ ಜಾತಿಯ 353 ಜೋಡಿಗಳು ಗೂಡು ಕಟ್ಟಿದ್ದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಎಣಿಸಿದ್ದರು. 1996ರಲ್ಲಿ ಮತ್ತೆ ಎಣಿಸುವಾಗ ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ಬದುಕಿದ್ದ ಹಕ್ಕಿಗಳೂ ಕೊಂಬೆಯ ಮೇಲೆ ಕತ್ತು ಜೋಲುಬಿಟ್ಟು ಮಂಕಾಗಿ ಕೂತಿದ್ದವು. ದಿನಗಟ್ಟಲೆ ಹಾಗೆಯೇ ಕೂತಿದ್ದು ಕೆಳಗೆ ಬೀಳುತ್ತಿದ್ದವು. 1992ರಿಂದ 2007ರ ನಡುವಿನ 15 ವರ್ಷಗಳಲ್ಲಿ ಬಿಳಿ ಬೆನ್ನಿನ ರಣಹದ್ದು ಭಾರತದಲ್ಲಿ ಶೇ 99.9ರಷ್ಟು ಕಡಿಮೆಯಾಯಿತು. ಉದ್ದ ಕೊಕ್ಕಿನದು ಮತ್ತು ತೆಳು ಕೊಕ್ಕಿನದು ಸುಮಾರು ಶೇ 97ರಷ್ಟು. ಬಿಳಿ ಬೆನ್ನಿನದು ಸಾವಿರ ಇದ್ದ ಕಡೆ ಒಂದೇ ಒಂದು ಉಳಿಯಿತು ಎಂದು ಓದಿಕೊಂಡರೆ ಅಂಕಿಯ ಭಾರ ಗೊತ್ತಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಹಕ್ಕಿಯೊಂದು ಇಷ್ಟು ಬೇಗ ಅಳಿದ ಉದಾಹರಣೆಗಳು ತೀರಾ ವಿರಳ.

ಏನಾಯಿತು? ಯಾವುದೋ ವೈರಾಣು ಇರಬೇಕೆಂದು ಹಲವು ವರ್ಷ ಹುಡುಕಾಟ ನಡೆಯಿತು. ಸಿಗಲಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಹದ್ದುಗಳ ಶವಪರೀಕ್ಷೆ ನಡೆಸುತ್ತಿದ್ದ ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರಿಗೆ ಮಾತ್ರ ಹಕ್ಕಿಯಿಂದ ಹಕ್ಕಿಗೆ ಒಂದೇ ಚಿತ್ರ ಕಾಣುತ್ತಿತ್ತು. ಹೊಟ್ಟೆ ಸೀಳಿದರೆ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಲೇಪ. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡ ಕೆಟ್ಟು ಹೊರಹೋಗಬೇಕಾದ ಆಮ್ಲ ಒಳಗೇ ಕೂತು ಹಕ್ಕಿಯನ್ನು ಕೊಂದಿತ್ತು. ಹಾಗಾದರೆ ಮೂತ್ರಪಿಂಡ ಕೆಡಿಸುವಂಥದ್ದು ದನದ ಮಾಂಸದೊಳಗೆ ಹೊಸದಾಗಿ ಏನು ಸೇರಿತು? ಓಕ್ಸ್ ತಂಡ ಪಶುವೈದ್ಯರ ಬಳಿಗೂ ಔಷಧದಂಗಡಿಗಳಿಗೂ ಹೋಗಿ ಈಚೆಗೆ ದನಗಳಿಗೆ ಕೊಡುತ್ತಿರುವ ಮದ್ದುಗಳು ಯಾವುವೆಂದು ಕೇಳಿತು. ಒಂದೇ ಹೆಸರು ಎದ್ದು ಕಂಡಿತು: ಡೈಕ್ಲೋಫಿನಾಕ್. ಮೂತ್ರಪಿಂಡಕ್ಕೆ ಹಾಗೆ ಪೆಟ್ಟು ಬಿದ್ದು ಸತ್ತ 25 ಹದ್ದುಗಳನ್ನು ಪರೀಕ್ಷಿಸಿದರೆ ಅಷ್ಟರಲ್ಲೂ ಈ ಔಷಧದ ಶೇಷ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿತು.

ಮನುಷ್ಯರು ಮಂಡಿನೋವಿಗೆ ನುಂಗುವ, ಬೆನ್ನಿಗೆ ಹಚ್ಚಿಕೊಳ್ಳುವ ಅದೇ ಡೈಕ್ಲೋಫಿನಾಕ್. ಅದರ ಪೇಟೆಂಟ್ ಮುಗಿದು 1990ರ ದಶಕದ ನಡುವೆ ಅಗ್ಗದ ಮಾದರಿಗಳು ಮಾರುಕಟ್ಟೆಗೆ ಬಂದವು. ಹಸುವಿಗೆ ಕೆಚ್ಚಲು ಬಾವು ಬಂದರೆ, ಎತ್ತಿಗೆ ಕಾಲು ಉಳುಕಿದರೆ, ಜ್ವರ ಬಂದರೆ ಒಂದು ಚುಚ್ಚುಮದ್ದು. ಮರುದಿನ ಎತ್ತು ಎದ್ದು ನಿಲ್ಲುತ್ತಿತ್ತು. ನರಳುವ ದನಕ್ಕೆ ನೋವು ಕಡಿಮೆ ಮಾಡಿದ ರೈತನದು ಇದರಲ್ಲಿ ತಪ್ಪೇನೂ ಇಲ್ಲ. ಅವನ ಕೈಗೆ ಮದ್ದು ಕೊಟ್ಟವರು ಯಾರೂ ಅದು ಸತ್ತ ದನದ ಮೈಯಲ್ಲಿ ಉಳಿದು ಯಾರ ಹೊಟ್ಟೆಗೆ ಹೋಗುತ್ತದೆಂದು ಪರೀಕ್ಷಿಸಿರಲಿಲ್ಲ. ಲೋಪ ಇರುವುದು ಅಲ್ಲಿ.

ಎಲ್ಲ ದನಗಳಿಗೂ ಈ ಮದ್ದು ಕೊಡುತ್ತಿರಲಿಲ್ಲವಲ್ಲ, ಹಾಗಿದ್ದೂ ಕೋಟಿಗಟ್ಟಲೆ ಹಕ್ಕಿ ಸತ್ತದ್ದು ಹೇಗೆ ಎಂಬ ಸಂಶಯ ಬರುವುದು ಸಹಜ. ವಿಜ್ಞಾನಿಗಳು ಲೆಕ್ಕ ಹಾಕಿದಾಗ ದಿಗಿಲು ಹುಟ್ಟಿಸುವ ಉತ್ತರ ಸಿಕ್ಕಿತು: 130ರಿಂದ 760 ಹೆಣಗಳಿಗೆ ಒಂದರಂತೆ ವಿಷವಿದ್ದರೂ ಈ ಕುಸಿತಕ್ಕೆ ಸಾಕು. ಹದ್ದು ಒಂಟಿಯಾಗಿ ಉಣ್ಣುವ ಹಕ್ಕಿಯಲ್ಲ, ಮದ್ದಿರುವ ಒಂದು ಹೆಣ ಇಡೀ ಪಂಕ್ತಿಯನ್ನು ಕೊಲ್ಲುತ್ತದೆ. ಅದು ದೂರದೂರ ಹಾರಿ ವರ್ಷದಲ್ಲಿ ಬಹಳಷ್ಟು ಹೆಣಗಳ ಮೇಲೆ ಇಳಿಯುತ್ತದೆ, ಯಾವುದೋ ಒಂದರಲ್ಲಿ ಮದ್ದು ಸಿಗಲೇಬೇಕು. ಇದರ ಮೇಲೆ, ಹೆಣ್ಣು ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನು ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ದೀರ್ಘಾಯುಷ್ಯವನ್ನೇ ನೆಚ್ಚಿಕೊಂಡ ಇಂಥ ಜೀವಿಗೆ ದೊಡ್ಡವು ಸಾಯುತ್ತ ಹೋದರೆ ತುಂಬಿಕೊಳ್ಳುವ ದಾರಿಯೇ ಇರುವುದಿಲ್ಲ.

ಹೆಣಗಳು ಮಾತ್ರ ಬಯಲಿಗೆ ಬರುತ್ತಲೇ ಇದ್ದವು. ಭಾರತದಲ್ಲಿ 50 ಕೋಟಿಗೂ ಮಿಕ್ಕಿ ಜಾನುವಾರುಗಳಿವೆ. ಬಹಳ ಕಡೆ ಮುದಿ ಹಸುವನ್ನು ಕಸಾಯಿಖಾನೆಗೆ ಕಳಿಸುವುದಿಲ್ಲ, ಅದು ತಾನಾಗಿ ಸತ್ತು ಬಯಲು ಸೇರುತ್ತದೆ. ಹದ್ದು ತಿನ್ನದೆ ಬಿಟ್ಟ ಮಾಂಸಕ್ಕೆ ನಾಯಿ ಬಂತು, ಇಲಿ ಹೆಗ್ಗಣ ಬಂದವು. ನಾಯಿಗೆ 40 ನಿಮಿಷದಲ್ಲಿ ಹೆಣ ಮುಗಿಸಲು ಆಗುವುದಿಲ್ಲ, ದಿನಗಟ್ಟಲೆ ಎಳೆದಾಡುತ್ತದೆ. ಕೊಳೆತ ಮಾಂಸ ಸೂಕ್ಷ್ಮಜೀವಿಗಳ ಗೂಡಾಗುತ್ತದೆ. ಹದ್ದಿನ ಹೊಟ್ಟೆಯಲ್ಲಿ ಸಾಯುವಷ್ಟು ರೋಗಾಣು ನಾಯಿಯ ಹೊಟ್ಟೆಯಲ್ಲಿ ಸಾಯುವುದೂ ಇಲ್ಲ, ಮೇಲಾಗಿ ನಾಯಿ ಊರೊಳಗೇ ಓಡಾಡುತ್ತದೆ. ಸಾಗಿಸಲಾಗದೆ ಉಳಿದ ಹೆಣಗಳು ಹಳ್ಳಕ್ಕೆ, ನದಿಗೆ ಬಿದ್ದವು. ಅನಿಲ್ ಮಾರ್ಕಂಡೇಯ ಮತ್ತು ಸಂಗಡಿಗರು 2008ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಹದ್ದುಗಳು ಇಲ್ಲವಾದದ್ದರಿಂದ 1992ರಿಂದ 2006ರವರೆಗೆ ಹೆಚ್ಚಿದ ನಾಯಿ ಕಡಿತಗಳು 3.85 ಕೋಟಿ, ಅದರಿಂದ ರೇಬಿಸ್ ತಗಲಿ ಸತ್ತವರು 47,300ಕ್ಕೂ ಹೆಚ್ಚು. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದ್ದರಿಂದ, ವಿಷಯ ಬಂದ ಮೇಲೆ ಇದನ್ನೂ ಹೇಳಿಬಿಡುವುದು ಒಳ್ಳೆಯದು: ನಾಯಿ ಕಚ್ಚಿದರೆ ಆ ಕ್ಷಣವೇ ಗಾಯವನ್ನು ಸೋಪು ನೀರಿನಲ್ಲಿ ಕಾಲು ಗಂಟೆ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಶಿನ, ಸುಣ್ಣ, ನಾಟಿ ಔಷಧ ಎಂದು ಕಾಯುವಂತಿಲ್ಲ.

ಫ್ರಾಂಕ್ ಮತ್ತು ಸುದರ್ಶನ್ ಇನ್ನೂ ಮುಂದೆ ಹೋದರು. ರೇಬಿಸ್ ಒಂದನ್ನೇ ಎಣಿಸದೆ ಎಲ್ಲ ಬಗೆಯ ಸಾವುಗಳನ್ನೂ ತೆಗೆದುಕೊಂಡರು. ಅವರ ಉಪಾಯ ಸರಳ. ಭಾರತದ ಎಲ್ಲ ಜಿಲ್ಲೆಗಳೂ ರಣಹದ್ದಿಗೆ ಒಗ್ಗುವಂಥವಲ್ಲ. ಕೆಲವು ಕಡೆ ಅವು ದಟ್ಟವಾಗಿದ್ದವು, ಕೆಲವು ಕಡೆ ಮೊದಲಿನಿಂದಲೂ ಕಡಿಮೆ. ಡೈಕ್ಲೋಫಿನಾಕ್ ಅಗ್ಗವಾಗುವ ಮುನ್ನ ಈ ಎರಡು ಬಗೆಯ ಜಿಲ್ಲೆಗಳಲ್ಲಿ ಸಾವಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಜಾಡಿನಲ್ಲಿ ಸಾಗುತ್ತಿತ್ತು. ಆಮೇಲೆ ಹದ್ದು ಇದ್ದ ಜಿಲ್ಲೆಗಳ ಗೆರೆ ಮೇಲೆ ಏರತೊಡಗಿತು, ಮತ್ತೊಂದು ಹಾಗೆಯೇ ಉಳಿಯಿತು. ಹದ್ದು ಕಳೆದುಕೊಂಡ ಜಿಲ್ಲೆಗಳಲ್ಲಿ ಸಾವು ಶೇ 4ಕ್ಕೂ ಹೆಚ್ಚು ಏರಿತು. ಜಾನುವಾರು ಹೆಚ್ಚಿರುವ ಪಟ್ಟಣಗಳಲ್ಲಿ ಈ ಏರಿಕೆ ಎದ್ದು ಕಂಡಿತು. ಅದೇ ಜಿಲ್ಲೆಗಳಲ್ಲಿ ರೇಬಿಸ್ ಲಸಿಕೆಯ ಮಾರಾಟ ಹೆಚ್ಚಿತ್ತು, ಬೀದಿ ನಾಯಿಗಳು ಹೆಚ್ಚಿದ್ದವು, ನದಿ ನೀರು ಹದಗೆಟ್ಟಿತ್ತು. ಈ ಸಾವುಗಳಿಂದಾದ ನಷ್ಟವನ್ನು ಹಣಕ್ಕೆ ಇಳಿಸಿದರೆ ವರ್ಷಕ್ಕೆ 6,940 ಕೋಟಿ ಡಾಲರ್ ಎಂದು ಅವರು ಬರೆದಿದ್ದಾರೆ.

ಇದು ಅಂದಾಜು ಎಂಬುದನ್ನು ಮರೆಯಬಾರದು. ಯಾವ ಮರಣಪತ್ರದಲ್ಲೂ ಕಾರಣದ ಜಾಗದಲ್ಲಿ ರಣಹದ್ದು ಎಂದು ಬರೆದಿರುವುದಿಲ್ಲ. ಅತಿಸಾರದಿಂದ ಸತ್ತ ಮಗು ಕುಡಿದ ನೀರಿಗೆ ಯಾವ ಹೆಣದ ಕೊಳೆ ಸೇರಿತ್ತೆಂದು ಬೊಟ್ಟು ಮಾಡಿ ತೋರಿಸಲು ಸಾಧ್ಯವಿಲ್ಲ. ಆದರೆ ಸಾವಿನ ಗೆರೆ, ಲಸಿಕೆಯ ಗೆರೆ, ನಾಯಿಗಳ ಗೆರೆ, ನೀರಿನ ಗೆರೆ ನಾಲ್ಕೂ ಒಂದೇ ಹೊತ್ತಿಗೆ, ಒಂದೇ ಜಿಲ್ಲೆಗಳಲ್ಲಿ ಬಾಗಿದಾಗ ಅದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ಧೈರ್ಯ ಬೇಕು. ಅಂಕಿ ಐದು ಲಕ್ಷದಿಂದ ಅತ್ತಿತ್ತ ಸರಿಯಬಹುದು, ಸೊನ್ನೆಗೆ ಇಳಿಯಲಾರದು.

ಫ್ರಾಂಕ್ ಇದೇ ಬಗೆಯ ಇನ್ನೊಂದು ಲೆಕ್ಕವನ್ನು ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಅಮೆರಿಕದ ಬಾವಲಿಗಳದು. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೂತಿಯ ಮೇಲೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಕಂಡವು. ಚಳಿಗಾಲದ ನಿದ್ದೆಯಲ್ಲಿರುವಾಗ ಹತ್ತುವ ಆ ಶಿಲೀಂಧ್ರ ಜಿಲ್ಲೆಯಿಂದ ಜಿಲ್ಲೆಗೆ ಹರಡಿ ಬಾವಲಿಗಳನ್ನು ಅಳಿಸಿತು. ರಾತ್ರಿಯಿಡೀ ಹೊಲದ ಕೀಟ ತಿನ್ನುತ್ತಿದ್ದವು ಇಲ್ಲವಾದಾಗ ರೈತರು ಕೀಟನಾಶಕದ ಮೊರೆಹೋದರು. ರೋಗ ಮುಟ್ಟಿದ ಜಿಲ್ಲೆಗಳಲ್ಲಿ ಅದರ ಬಳಕೆ ಶೇ 31ರಷ್ಟು ಹೆಚ್ಚಿತು. ಅಲ್ಲೇ ಶಿಶುಮರಣ ಶೇ 7.9ರಷ್ಟು ಏರಿತು. ಅಪಘಾತ, ಕೊಲೆಗಳಂಥ ಕಾರಣಗಳನ್ನು ಬಿಟ್ಟು ಎಣಿಸಿದ ಸಾವುಗಳಿವು. ಸುಮಾರು 1,334 ಕೂಸುಗಳು. ಮಧ್ಯ ಅಮೆರಿಕದ ಕೋಸ್ಟರಿಕ, ಪನಾಮಾಗಳಲ್ಲಿ ಶಿಲೀಂಧ್ರದಿಂದ ಕಪ್ಪೆಗಳು ಅಳಿದ ಪ್ರದೇಶಗಳಲ್ಲಿ ಮಲೇರಿಯಾ ಏರಿದ್ದನ್ನು 2022ರ ಅಧ್ಯಯನವೊಂದು ತೋರಿಸಿದೆ. ಅಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವವರು ಹೋಗಿದ್ದರು.

ಪ್ರಾಣಿಯ ಸಾವಿನಲ್ಲಿ ಮನುಷ್ಯನ ಆರೋಗ್ಯದ ಸುದ್ದಿ ಇದೆ ಎಂಬುದು ಮಲೆನಾಡಿನವರಿಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜೊತೆಗೇ ಜನಕ್ಕೆ ಜ್ವರ ಬಂತು. ಉಣುಗು ಹರಡುವ ಆ ವೈರಾಣುವಿಗೆ ಜಗತ್ತು ಕ್ಯಾಸನೂರಿನ ಹೆಸರನ್ನೇ ಇಟ್ಟಿದೆ, ಜನ ಮಂಗನ ಕಾಯಿಲೆ ಎನ್ನುತ್ತಾರೆ. ಇಂದಿಗೂ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಜನ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಹಕ್ಕಿಗಳ ವಿಷಯದಲ್ಲಿ ಆ ಎಚ್ಚರ ದೇಶಕ್ಕೆ ಇರಲಿಲ್ಲ. ಹದ್ದುಗಳು ಸಾಯುತ್ತಿದ್ದಾಗ ಅದನ್ನು ಪಕ್ಷಿಪ್ರೇಮಿಗಳ ಚಿಂತೆ ಎಂದು ಬಿಡಲಾಯಿತು.

ಯಾಕೆ ಹಾಗೆ ಬಿಟ್ಟರು ಎಂಬುದಕ್ಕೆ ಮನಸ್ಸಿನ ಕಡೆಗೂ ನೋಡಬೇಕಾಗುತ್ತದೆ. ಕೊಳೆತದ್ದನ್ನು, ಹೆಣವನ್ನು, ಹೆಣ ಮುಟ್ಟುವುದನ್ನು ಕಂಡರೆ ಹೇಸಿಗೆಯಾಗುವುದು ಮನುಷ್ಯನನ್ನು ರೋಗದಿಂದ ಕಾಪಾಡಲು ಬೆಳೆದುಬಂದ ಭಾವ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆ ಹೇಸಿಗೆ ರೋಗವನ್ನು ಅಳಿಸುವ ಹಕ್ಕಿಗೂ ಅಂಟಿಕೊಂಡಿತು. ಹುಲಿಗೆ, ಆನೆಗೆ ಸಿಗುವ ಕನಿಕರ ಅದಕ್ಕೆ ಸಿಗಲಿಲ್ಲ. ರಾಮಾಯಣದ ಜಟಾಯುವಿಗೆ ಕೈಮುಗಿಯುವ ನಾಡಿನಲ್ಲೇ ರಣಹದ್ದು ಮನೆಯ ಮೇಲೆ ಕೂತರೆ ಅಪಶಕುನ. ಇನ್ನೊಂದು ತೊಡಕು ಮರೆವು. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದಂತೆ, ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ. ಅಜ್ಜ ಕಂಡ ಹಿಂಡುಗಳನ್ನು ಮೊಮ್ಮಗ ಕಾಣಲೇ ಇಲ್ಲ. ಕಾಣದ್ದು ಕಳೆದುಹೋಗಿದೆ ಎಂದು ಅವನಿಗೆ ಅನ್ನಿಸುವುದಾದರೂ ಹೇಗೆ? ಇಂದು ಇಪ್ಪತ್ತರ ಹರೆಯದವರಿಗೆ ಊರ ತಿಪ್ಪೆಯ ಸುತ್ತ ನಾಯಿಗಳ ದಂಡು ಇರುವುದೇ ಲೋಕದ ರೀತಿ.

ಭಾರತ ಸರ್ಕಾರ 2006ರಲ್ಲಿ ದನಗಳ ಡೈಕ್ಲೋಫಿನಾಕ್ ತಯಾರಿಕೆಯನ್ನು ನಿಷೇಧಿಸಿತು. ಆದರೆ ಮನುಷ್ಯರಿಗೆಂದು ದೊಡ್ಡ ಬಾಟಲಿಗಳಲ್ಲಿ ಬರುತ್ತಿದ್ದ ಮದ್ದನ್ನು ದನಕ್ಕೆ ಚುಚ್ಚುವುದು ನಡೆದೇ ಇತ್ತು. 2015ರಲ್ಲಿ ಆ ಚುಚ್ಚುಮದ್ದನ್ನು ಒಂದೇ ಡೋಸಿನ 3 ಮಿಲಿಲೀಟರ್ ಬಾಟಲಿಗೆ ಮಿತಿಗೊಳಿಸಿದರು. ಅಷ್ಟರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಎಂಬ ಬೇರೆ ನೋವು ನಿವಾರಕಗಳು ಕೊಟ್ಟಿಗೆಗೆ ಬಂದಿದ್ದವು. ಅಸಿಕ್ಲೋಫಿನಾಕ್ ದನದ ಮೈ ಸೇರಿದೊಡನೆ ಡೈಕ್ಲೋಫಿನಾಕ್ ಆಗಿ ಮಾರ್ಪಡುತ್ತದೆ. ಇವೆರಡರ ನಿಷೇಧ ಆದದ್ದು 2023ರಲ್ಲಿ. ಕೀಟೊಪ್ರೊಫೆನ್ ಹದ್ದಿಗೆ ವಿಷವೆಂದು ಗೊತ್ತಾಗಿ ಅಷ್ಟರಲ್ಲಿ ಹತ್ತು ವರ್ಷದ ಮೇಲಾಗಿತ್ತು. ಆಮೇಲೆ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿತು. ಒಂದು ಮದ್ದನ್ನು ಮಾರುಕಟ್ಟೆಗೆ ಬಿಟ್ಟು, ಹಕ್ಕಿ ಸತ್ತಿತೆಂದು ಸಾಬೀತಾಗುವವರೆಗೆ ಕಾದು, ಆಮೇಲೆ ಹಿಂದಕ್ಕೆ ಪಡೆಯುವ ಈ ಕ್ರಮ ಸರಿಯಲ್ಲ. ಹದ್ದಿಗೆ ಅಪಾಯವಿಲ್ಲವೆಂದು ಮೊದಲು ಪರೀಕ್ಷೆ ಆಗಬೇಕು, ಪರವಾನಗಿ ಆಮೇಲೆ ಸಿಗಬೇಕು.

ಮೆಲಾಕ್ಸಿಕ್ಯಾಮ್ ಎಂಬ ನೋವು ನಿವಾರಕ ಹದ್ದುಗಳಿಗೆ ಅಪಾಯಕಾರಿಯಲ್ಲ ಎಂಬುದು 2006ರಲ್ಲೇ ಪರೀಕ್ಷೆಯಿಂದ ಖಚಿತವಾಗಿದೆ. ದನಕ್ಕೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಟಾಲ್ಫೆನಾಮಿಕ್ ಆಮ್ಲವೂ ಸುರಕ್ಷಿತ ಎಂದು ನಂತರ ಗೊತ್ತಾಯಿತು. ನೇಪಾಳ ಈ ಅರಿವನ್ನು ಚೆನ್ನಾಗಿ ಬಳಸಿಕೊಂಡಿತು. ಅಲ್ಲಿನ ಪಿಥೌಲಿ ಎಂಬ ಹಳ್ಳಿಯವರು ದುಡಿಯಲಾಗದ ಮುದಿ ದನಗಳನ್ನು ತಂದು ಸಾಕಿ, ಅವು ತಾವಾಗಿ ಸತ್ತ ಮೇಲೆ ಮದ್ದಿಲ್ಲದ ಆ ಮಾಂಸವನ್ನು ಹದ್ದುಗಳಿಗೆ ಇಡುತ್ತಾರೆ. ಆ ಜಾಗಕ್ಕೆ ಅವರಿಟ್ಟ ಹೆಸರು 'ಜಟಾಯು ರೆಸ್ಟೋರೆಂಟ್'. ಸುತ್ತಲಿನ ಅಂಗಡಿಗಳಲ್ಲಿ ಡೈಕ್ಲೋಫಿನಾಕ್ ಸಿಗದಂತೆ ನೋಡಿಕೊಂಡರು. ನೇಪಾಳದಲ್ಲಿ ಬಿಳಿ ಬೆನ್ನಿನ ಹದ್ದು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ನಮ್ಮಲ್ಲಿ ಹರಿಯಾಣದ ಪಿಂಜೋರ್‌ನ ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಬೆಳೆಸಿದ 8 ಹದ್ದುಗಳನ್ನು 2020ರಲ್ಲಿ ಬಯಲಿಗೆ ಬಿಟ್ಟರು. ವರ್ಷಕ್ಕೊಂದೇ ಮೊಟ್ಟೆಯ ಹಕ್ಕಿಗೆ ಇದು ಬಹಳ ದೂರದ ದಾರಿ.

ಕರ್ನಾಟಕದಲ್ಲಿ ಉದ್ದ ಕೊಕ್ಕಿನ ರಣಹದ್ದಿಗೆ ಉಳಿದಿರುವ ಹೆಸರಾಂತ ನೆಲೆ ರಾಮನಗರದ ರಾಮದೇವರ ಬೆಟ್ಟ. 'ಶೋಲೆ' ಚಿತ್ರ ತಯಾರಾದ ಬಂಡೆಗಳೆಂದು ಆ ಬೆಟ್ಟ ದೇಶಕ್ಕೆಲ್ಲ ಗೊತ್ತು. ಕಡಿದಾದ ಬಂಡೆಯ ಗೋಡೆಯಲ್ಲಿ ಅಲ್ಲಲ್ಲಿ ಹಿಕ್ಕೆಯ ಬಿಳಿ ಗೆರೆಗಳು ಇಳಿದಿರುತ್ತವೆ, ಅದರ ಮೇಲಿನ ಅಂಚಿನಲ್ಲಿ ಗೂಡು. 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಸರ್ಕಾರ ಘೋಷಿಸಿತು. ಆದರೆ ಹದ್ದಿಗೆ ಧಾಮದ ಗಡಿ ಗೊತ್ತಿಲ್ಲ, ಊಟಕ್ಕೆ ಅದು ಹತ್ತಾರು ಮೈಲಿ ಆಚೆಗೆ ಹೋಗುತ್ತದೆ, ಅಲ್ಲಿನ ಹೆಣದಲ್ಲಿ ಏನಿದೆಯೋ ಅದನ್ನೇ ತಿನ್ನುತ್ತದೆ. ಇಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು. ಬಂಡೀಪುರ, ನಾಗರಹೊಳೆ, ಅವುಗಳಿಗೆ ಹೊಂದಿಕೊಂಡ ತಮಿಳುನಾಡಿನ ಮೋಯಾರ್ ಕಣಿವೆ, ಕೇರಳದ ವಯನಾಡು ಸೇರಿದ ಕಾಡಿನಲ್ಲಿ ಬಿಳಿ ಬೆನ್ನಿನದೂ ಕೆಂಪು ತಲೆಯದೂ ಇನ್ನೂ ಹಾರುತ್ತಿವೆ. ಮೂರೂ ರಾಜ್ಯಗಳ ಅರಣ್ಯ ಇಲಾಖೆಗಳು ಒಟ್ಟಿಗೆ ಅವುಗಳ ಗಣತಿ ಮಾಡುತ್ತಿವೆ. ಹುಲಿ ಚಿರತೆ ತಿಂದು ಬಿಟ್ಟ ಬೇಟೆಯೇ ಇವುಗಳ ಹೆಚ್ಚಿನ ಆಹಾರವಾದ್ದರಿಂದ ಡೈಕ್ಲೋಫಿನಾಕ್ ಇಲ್ಲಿ ಸ್ವಲ್ಪ ದೂರ ಉಳಿಯಿತು. ಕಾಡಂಚಿನಲ್ಲಿ ಬೇರೆ ಅಪಾಯವಿದೆ. ಹುಲಿ ಹಿಡಿದ ದನದ ಹೆಣಕ್ಕೆ ಸಿಟ್ಟಿನಿಂದ ವಿಷ ಬೆರೆಸಿದರೆ ಹುಲಿಯ ಜೊತೆಗೆ ಇಡೀ ಹಿಂಡು ಹೋಗುತ್ತದೆ.

ಆದ್ದರಿಂದ ದನ ಸಾಕಿರುವ ಕೇಳುಗರಲ್ಲಿ ಒಂದು ಬಿನ್ನಹ. ಹಸುವಿಗೋ ಎತ್ತಿಗೋ ನೋವಿನ ಚುಚ್ಚುಮದ್ದು ಹಾಕಿಸುವಾಗ ಪಶುವೈದ್ಯರಿಗೆ ಮೆಲಾಕ್ಸಿಕ್ಯಾಮ್ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಅಂಗಡಿಯವರು ಮನುಷ್ಯರ ಡೈಕ್ಲೋಫಿನಾಕನ್ನು ದನಕ್ಕೆಂದು ಕೊಟ್ಟರೆ ಕೊಳ್ಳಬೇಡಿ. ಬೇರೆ ನೋವಿನ ಮದ್ದು ಹಾಕಿಸಿಕೊಂಡು ಕೆಲವೇ ದಿನಗಳಲ್ಲಿ ಸತ್ತ ದನವನ್ನು ಬಯಲಿಗೆ ಎಸೆಯದೆ ಆಳವಾದ ಗುಂಡಿ ತೋಡಿ ಹೂಳಿ. ಕಾಡುಪ್ರಾಣಿ ದನ ಹಿಡಿದರೆ ಹೆಣಕ್ಕೆ ಕೈ ಹಚ್ಚದೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.